ಬೆಳೆಯ ರೋಗನಿರೋಧಶಕ್ತಿ: ಬಾಗಲಕೋಟೆ ಸೀಮೆಯ ಕೃಷಿಚರಿತ್ರೆಯ ದೃಷ್ಟಿಯಿಂದ ಒಂದು ವಿಮರ್ಶೆ

ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ 23ನೆಯ ಸಂಪುಟವು ವಿಜಾಪುರ ಜಿಲ್ಲೆಯನ್ನು ಕುರಿತದ್ದು. ಜೇಮ್ಸ್ ಕ್ಯಾಂಬೆಲ್ಲರ ಸಂಪಾದಕತ್ವದಲ್ಲಿ ಅದು 1884ರಲ್ಲಿ ಪ್ರಕಟವಾಯಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ಆ ಜಿಲ್ಲೆಯ ತಾಲೂಕುಗಳು. ಇಳಕಲ್ಲು ಆಗ ಹುನಗುಂದ ತಾಲೂಕಿನ ಒಂದು ಪೇಟೆ. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ಬಿಚ್ಚುವ ಗ್ರಂಥ ಅದೇ. ಬರಗಾಲಗಳಿಗೆ ಅದರಲ್ಲಿ ಒಂದು ವಂಶಾವಳಿಯೇ ಇದೆ: ದುರ್ಗಾದೇವಿಯ ಬರ, 1791-92ರ ಡೋಗಿ ಬರ, ಜನರ ನೆನಪಿನಲ್ಲಿ ಆಗಿನ್ನೂ ಹಸಿಯಾಗಿದ್ದ 1876-77ರ ಕ್ಷಾಮ. ಮಳೆಗೆ ಚರಿತ್ರೆಯುಂಟು, ಕಂದಾಯಕ್ಕೆ ಚರಿತ್ರೆಯುಂಟು, ಕಾಳಿನ ಧಾರಣೆಗೂ ಉಂಟು. ಬೆಳೆಯ ರೋಗಕ್ಕೆ ಮಾತ್ರ ಅಂಥ ಚರಿತ್ರೆಯಿಲ್ಲ. ಗ್ಯಾಸೆಟಿಯರಿನಿಂದ ನಾವು ಪಡೆದ ಈ ಅಭ್ಯಾಸ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಹಳೆಯ ಆಣೆವಾರಿಯ ಲೆಕ್ಕಗಳನ್ನು ನೋಡಿ ಇಂಥ ವರ್ಷ ಆರಾಣೆ ಬೆಳೆ ಬಂದಿತೆಂದು ಬರೆಯುತ್ತೇವೆ; ಉಳಿದ ಹತ್ತಾಣೆ ಹೋದದ್ದು ಮಳೆಯಿಂದಲೋ, ಜೋಳಕ್ಕೆ ಕಾಡಿಗೆ ಹಿಡಿದೋ, ಗೋಧಿಗೆ ಭಂಡಾರ ಬಿದ್ದೋ ಎಂದು ಕೇಳುವುದಿಲ್ಲ. ಅಂಕಿ ಅದನ್ನು ತಾನಾಗಿ ಹೇಳುವುದೂ ಇಲ್ಲ.

ಈ ಬರಿದಾದ ಜಾಗವನ್ನು ಎರಡು ಬಗೆಯ ಬರವಣಿಗೆಗಳು ತುಂಬಿಕೊಂಡಿವೆ. ಮೊದಲನೆಯದು ತಳಿ ಬಿಡುಗಡೆಯ ವರದಿಗಳ ಧಾಟಿ. ಅದರ ಪ್ರಕಾರ ರೋಗನಿರೋಧಕ ತಳಿಯೊಂದು ಹೊರಬಿದ್ದ ದಿನಕ್ಕೆ ರೋಗದ ಕಥೆ ಮುಗಿಯುತ್ತದೆ. ಎರಡನೆಯದು ಇತ್ತೀಚೆಗೆ ಹೆಚ್ಚು ಕೇಳಿಬರುತ್ತಿರುವ ಧಾಟಿ: ಜವಾರಿ ಬೀಜಕ್ಕೆ ರೋಗವೇ ಇರಲಿಲ್ಲ, ರೋಗ ಬಂದದ್ದು ವಿಲಾಯತಿ ಬೀಜದೊಡನೆ ಎಂಬುದು. ಇವೆರಡೂ ಒಂದನ್ನೊಂದು ವಿರೋಧಿಸುವಂತೆ ಕಂಡರೂ ಒಂದೇ ತಪ್ಪಿನ ಎರಡು ಮುಖಗಳೆಂಬುದು ನಮ್ಮ ಅಭಿಪ್ರಾಯ. ನಿರೋಧಶಕ್ತಿಯೆಂಬುದು ಬೀಜದೊಳಗೆ ಕೂಡಿಟ್ಟ ಆಸ್ತಿ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಎರಡೂ ತಿಳಿಯುತ್ತವೆ. ವಾಸ್ತವದಲ್ಲಿ ಅದು ಸಂಬಂಧವಾಚಕವಾದ ಗುಣ. ಯಾವ ರೋಗದ ಎದುರು, ಯಾವ ನೆಲದಲ್ಲಿ, ಎಷ್ಟು ವರ್ಷಗಳ ವರೆಗೆ ಎಂದು ಹೇಳದೆ ‘ರೋಗನಿರೋಧಕ’ ಎಂಬ ವಿಶೇಷಣವನ್ನು ಹಚ್ಚಿದರೆ ಅದಕ್ಕೆ ಅರ್ಥವೇ ಉಳಿಯದು. ಬಾಗಲಕೋಟೆ ಸೀಮೆಯ ಹತ್ತಿ, ಗೋಧಿ, ದಾಳಿಂಬೆಗಳ ನಿದರ್ಶನದಿಂದ ಇದನ್ನು ಪರೀಕ್ಷಿಸಬಹುದಾಗಿದೆ.

ಮೊದಲು ಶಬ್ದದ ವಿಚಾರ. ನಿರೋಧಶಕ್ತಿಯೆಂಬ ಮಾತನ್ನು ನಾವು ಮಾನವ ವೈದ್ಯದಿಂದ ಎರವಲು ತಂದಿದ್ದೇವೆ. ಅದರೊಡನೆ ಸಿಡುಬಿನ ಚುಚ್ಚುಮದ್ದಿನ ಕಲ್ಪನೆಯೂ ಬಂದಿದೆ. ಆದರೆ ಗಿಡಕ್ಕೆ ರಕ್ತವಿಲ್ಲ. ರೋಗಾಣುವನ್ನು ಬೆನ್ನಟ್ಟಿ ಹೋಗಬಲ್ಲ ಕಣಗಳೂ ಇಲ್ಲ. ಅದರ ಒಂದೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಎಲೆಯ ಮೇಲಣ ಮೇಣದ ಪದರ, ಕೋಶದ ಗೋಡೆ, ಒಗರು ರಸಗಳು ಹೊರಗಿನ ಕೋಟೆ. ಅದನ್ನು ದಾಟಿ ಬಂದ ಶಿಲೀಂಧ್ರ ಅಥವಾ ದುಂಡಾಣುವಿನ ಸಾಮಾನ್ಯ ಲಕ್ಷಣಗಳನ್ನು, ಉದಾಹರಣೆಗೆ ದುಂಡಾಣುವಿನ ಚಲನಾಂಗದ ಪ್ರೋಟೀನನ್ನು, ಕೋಶದ ಹೊರಪೊರೆಯ ಗ್ರಾಹಕಗಳು ಗುರುತಿಸುತ್ತವೆ. ಇದು ಬಹು ರೋಗಗಳಿಗೆ ಸಾಮಾನ್ಯವಾದ, ಆದರೆ ಅಷ್ಟೇನೂ ಬಿರುಸಲ್ಲದ ರಕ್ಷಣೆ. ರೋಗಾಣು ಇದನ್ನು ಅಡಗಿಸುವ ಉಪಾಯಗಳನ್ನು ಕಲಿತಾಗ ಕೋಶದ ಒಳಗಿನ ಎರಡನೆಯ ಕಾವಲು ಎಚ್ಚರಗೊಳ್ಳುತ್ತದೆ. ಆಗ ಆಕ್ರಮಣಕ್ಕೊಳಗಾದ ಕೋಶಗಳು ತಾವೇ ಸತ್ತು ರೋಗಾಣುವನ್ನು ಅಲ್ಲಿಯೇ ಕಟ್ಟಿಹಾಕುತ್ತವೆ. ಈ ಎರಡನೆಯದು ಅತ್ಯಂತ ಬಲವಾದದ್ದು, ಆದರೆ ಒಂದು ಬೀಗಕ್ಕೆ ಒಂದು ಕೀಲಿಯೆಂಬಂತೆ ನಿರ್ದಿಷ್ಟವಾದದ್ದು. ಅಮೆರಿಕದ ಉತ್ತರ ಡಕೋಟದಲ್ಲಿ ಎಚ್. ಎಚ್. ಫ್ಲಾರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಇದನ್ನು ಕಂಡುಕೊಂಡುದು ಅಗಸೆಯ ತುಕ್ಕು ರೋಗದಿಂದ. ನಮ್ಮ ಎರೆಹೊಲಗಳ ಅಕ್ಕಡಿಸಾಲಿನಲ್ಲಿ ಕಾಣುವ ಅದೇ ಅಗಸೆ. ಗಿಡದ ಒಂದು ನಿರೋಧಕ ವಂಶವಾಹಿಗೆ ಎದುರಾಗಿ ಶಿಲೀಂಧ್ರದಲ್ಲಿ ಒಂದು ವಂಶವಾಹಿಯಿರುತ್ತದೆ. ಶಿಲೀಂಧ್ರದಲ್ಲಿ ಅದು ಬದಲಾದ ದಿನ ಗಿಡದ ಕಾವಲು ಕುರುಡಾಗುತ್ತದೆ. ಇವಲ್ಲದೆ ಮೂರನೆಯದೊಂದಿದೆ: ಒಂದು ಎಲೆಗೆ ರೋಗ ತಗುಲಿದರೆ ಗಿಡದ ಉಳಿದ ಭಾಗಗಳೂ ಕೆಲಕಾಲ ಎಚ್ಚರಗೊಂಡು ಬೇರೆ ಬೇರೆ ರೋಗಗಳನ್ನು ತಡೆಯಬಲ್ಲವು. ಎ. ಎಫ್. ರಾಸ್ 1961ರಲ್ಲಿ ಹೊಗೆಸೊಪ್ಪಿನ ಗಿಡದಲ್ಲಿ ಇದನ್ನು ತೋರಿಸಿದನು. ಚುಚ್ಚುಮದ್ದಿನ ಹೋಲಿಕೆ ಸ್ವಲ್ಪವಾದರೂ ಸಲ್ಲುವುದು ಇಲ್ಲಿ ಮಾತ್ರ.

ಹತ್ತಿಯ ವಿಚಾರಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈ ಕರ್ನಾಟಕ ಭಾಗದ ಎರೆನೆಲದಲ್ಲಿ ಎರಡು ಜಾತಿಯ ಹತ್ತಿಗಳು ಬೆಳೆದವು. ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರದಲ್ಲಿ ‘ಕುಮಟಾ’ ಎನಿಸಿಕೊಂಡ ಜವಾರಿ ಹತ್ತಿ ಒಂದು; 1840ರ ದಶಕದಲ್ಲಿ ಧಾರವಾಡದ ಕಡೆ ತಂದು ಬಿತ್ತಿದ ಅಮೆರಿಕದ ಹತ್ತಿ, ಎಂದರೆ ವಿಲಾಯತಿ ಹತ್ತಿ, ಇನ್ನೊಂದು. ಜವಾರಿಗೆ ಮುಖ್ಯ ಶತ್ರು ನೆಲದಲ್ಲಿ ನೆಲಸಿದ ಫ್ಯುಸೇರಿಯಮ್ ಶಿಲೀಂಧ್ರದಿಂದ ಬರುವ ಸೊರಗು ರೋಗ. ನಿಂತ ಗಿಡ ಎಲೆ ಜೋತು ಒಣಗಿ ಹೋಗುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ನಮ್ಮ ದೇಶದ ಆ ಶಿಲೀಂಧ್ರಕುಲವು ಏಷ್ಯದ ಹತ್ತಿಗಳನ್ನು ಕೊಲ್ಲುತ್ತದೆ, ಪಕ್ಕದ ಸಾಲಿನ ಅಮೆರಿಕನ್ ಹತ್ತಿಯನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಹಾಗಾದರೆ ವಿಲಾಯತಿಯೇ ಗಟ್ಟಿಯೋ? ಅದೂ ಅಲ್ಲ. ಎಲೆಯ ಮೇಲೆ ಮೂಲೆಮೂಲೆಯಾದ ಚುಕ್ಕೆಗಳನ್ನೂ ಕೊಂಬೆಗಳಿಗೆ ಕರಿಯನ್ನೂ ತರುವ ದುಂಡಾಣು ಅಂಗಮಾರಿ ಅಮೆರಿಕನ್ ಹತ್ತಿಯ ರೋಗ. ಏಷ್ಯದ ಹತ್ತಿಗಳು ಅದನ್ನು ಚೆನ್ನಾಗಿ ತಡೆಯಬಲ್ಲವು. ಸೂಡಾನಿನಲ್ಲಿ ಅಂಗಮಾರಿಯ ವಿರುದ್ಧ ತಳಿ ಬೆಳೆಸಿದ ಆರ್. ಎಲ್. ನೈಟ್ ಏಷ್ಯದ ಹತ್ತಿಯಿಂದಲೂ ನಿರೋಧಕ ವಂಶವಾಹಿಯನ್ನು ಎತ್ತಿಕೊಂಡರು. ಒಂದೇ ಹೊಲ, ಎರಡು ಹತ್ತಿ, ಒಂದಕ್ಕೆ ಇಲ್ಲದ ರಕ್ಷೆ ಇನ್ನೊಂದಕ್ಕೆ. ‘ಜವಾರಿಗೆ ರೋಗವಿಲ್ಲ’ ಎಂಬ ವಾದವನ್ನು ಈ ಒಂದು ನಿದರ್ಶನವೇ ನಿಲ್ಲಗೊಡುವುದಿಲ್ಲ. ‘ಸುಧಾರಿತ ಬೀಜ’ವೆಂಬ ಹೆಮ್ಮೆಯ ವಾದವನ್ನೂ ಅಷ್ಟೇ.

ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರರು ಕುಮಟಾ ಹತ್ತಿಯಲ್ಲಿ ಸೊರಗು ತಡೆಯುವ ‘ಜಯವಂತ’ ತಳಿಯನ್ನು ಕೂಡಿಸಿದರು. ಮುಂದೆ ಬಂದ ‘ಜಯಧರ’ ಅದೇ ದಾರಿಯದು. ರೋಗಶಾಸ್ತ್ರದ ಕಡೆಯಿಂದ ಜಿ. ಎಸ್. ಕುಲಕರ್ಣಿ, ಬಿ. ಬಿ. ಮುಂಡ್ಕೂರರು ಈ ಸೊರಗನ್ನೇ ಅಭ್ಯಾಸ ಮಾಡಿದರು. 1947ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು ಸ್ಥಾಪಿಸಿದವರು ಈ ಮುಂಡ್ಕೂರರೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಈ ಕೆಲಸದ ಹಿರಿಮೆಯನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ ಅದರ ಚರಿತ್ರೆಯನ್ನು ಗೆಲವಿನ ಚರಿತ್ರೆಯಾಗಿ ಬರೆದವರು ಒಂದು ಪ್ರಶ್ನೆಯನ್ನು ಬಿಟ್ಟಿದ್ದಾರೆ: ಆ ತಳಿ ಹೊಲದಿಂದ ಏಕೆ ಹೋಯಿತು? ರೋಗಕ್ಕೆ ಸೋತು ಹೋದದ್ದಲ್ಲ. 1972ರಲ್ಲಿ ಧಾರವಾಡದ ಬಿ. ಎಚ್. ಕಟರಕಿಯವರು ತಂದ ವರಲಕ್ಷ್ಮಿ, ಅದರ ಬೆನ್ನಿಗೆ ಬಂದ ಡಿ.ಸಿ.ಎಚ್. 32, ನೀಳವಾದ ನೂಲನ್ನೂ ಹೆಚ್ಚಿನ ಹಣವನ್ನೂ ಕೊಟ್ಟವು. ಜಯಧರ ಹಿಂದೆ ಸರಿದದ್ದು ಪೇಟೆಯಲ್ಲಿ. ರೋಗನಿರೋಧಶಕ್ತಿಗೆ ಪೇಟೆ ಪ್ರತ್ಯೇಕ ಬೆಲೆ ಕಟ್ಟುವುದಿಲ್ಲ. ರೋಗ ಬಾರದ ವರ್ಷ ಅದು ಕಾಣುವುದೂ ಇಲ್ಲ. ಇಳಕಲ್ಲಿನ ಸೀರೆಯ ಮೇಲೆ, ಗುಳೇದಗುಡ್ಡದ ಖಣದ ಮೇಲೆ ಲೇಖನಗಳು ಬೇಕಾದಷ್ಟಿವೆ. ನೂಲು ಬಿಟ್ಟ ಗಿಡದ ಗತಿ ಏನಾಯಿತೆಂದು ಅವುಗಳಲ್ಲಿ ಹುಡುಕುವುದು ವ್ಯರ್ಥ.

ಗೋಧಿಯ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಘಟಪ್ರಭಾ, ಕೃಷ್ಣಾ, ಮಲಪ್ರಭಾ ನದಿಗಳ ಈ ಬಯಲಿನಲ್ಲಿ ಸದಕ, ಜವೆಗೋಧಿ, ಕಪಲಿ ಎಂದು ನಾನಾ ಹೆಸರಿನಿಂದ ಕರೆಯುವ, ಸಿಪ್ಪೆ ಬಿಡದ ಒಂದು ಗೋಧಿಯಿದೆ. ಹುಗ್ಗಿಗೂ ಮಾದಲಿಗೂ ಅದೇ ಬೇಕೆಂದು ಹಟ ಹಿಡಿಯುವ ಮನೆಗಳು ಈಗಲೂ ಇವೆ. ಗೋಧಿಗೆ ಮೂರು ಬಗೆಯ ತುಕ್ಕು: ಕಾಂಡದ್ದು, ಎಲೆಯದು, ಹಳದಿಯದು. ನಮ್ಮ ಬೇಸಗೆಯ ಬಿಸಿಲಿನಲ್ಲಿ ತುಕ್ಕಿನ ಬೀಜಕಣಗಳು ಉಳಿಯಲಾರವು. ಆಗ್ರಾದ ಕೆ. ಸಿ. ಮೆಹತಾ ಅವರು ದೀರ್ಘ ಪರಿಶ್ರಮದಿಂದ ತೋರಿಸಿಕೊಟ್ಟಂತೆ, ಅವು ನೀಲಗಿರಿ, ಪಳನಿಯ ತಂಪು ಬೆಟ್ಟಗಳಲ್ಲಿ ಬದುಕಿಕೊಂಡಿದ್ದು ಗಾಳಿಯೊಡನೆ ಬಯಲಿಗೆ ಇಳಿಯುತ್ತವೆ. ಆದುದರಿಂದ ಬಾದಾಮಿಯ ಗೋಧಿಯ ರೋಗ ಬಾದಾಮಿಯಲ್ಲಿ ಹುಟ್ಟುವುದಲ್ಲ. ಆ ನೆಲದ ಹಳೆಯ ಗೋಧಿ ಆ ಗಾಳಿಗೆ ಎದೆಯೊಡ್ಡಿ ಎಷ್ಟೋ ಶತಮಾನ ನಿಂತದ್ದು.

ಈ ‘ಖಪ್ಲಿ’ಯು ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವೀನ್ ಎಂಬವರು 1922ರಲ್ಲಿ ಕಾಂಡತುಕ್ಕಿನ ಕುಲಗಳನ್ನು ಬೇರ್ಪಡಿಸಲು ಆರಿಸಿಕೊಂಡ 12 ಗೋಧಿಗಳ ಪಟ್ಟಿಯಲ್ಲಿ ಒಂದಾಗಿ ಸೇರಿತು. ಆಸ್ಟ್ರೇಲಿಯದಲ್ಲಿ ವಾಟರ್‌ಹೌಸ್ ಎಂಬವರು ಅದನ್ನು ಸ್ಟೈನ್‌ವೆಡೆಲ್ ಗೋಧಿಯೊಡನೆ ಕೂಡಿಸಿ ‘ಖಪ್‌ಸ್ಟೈನ್’ ಎಂಬ ಸಂಕರವನ್ನು ಪಡೆದರು. ಕಾಂಡತುಕ್ಕಿನ ಎರಡು ನಿರೋಧಕ ವಂಶವಾಹಿಗಳು (ಎಸ್‌ಆರ್ 13, ಎಸ್‌ಆರ್ 14), ಬೂದಿ ರೋಗದ ಒಂದು (ಪಿಎಂ 4ಎ), ಹೀಗೆ ಬೇರೆ ಬೇರೆ ರೋಗಗಳಿಗೆ ಬೇರೆ ಬೇರೆ ರಕ್ಷೆಗಳು ಖಪ್ಲಿಯಿಂದ ಜಗತ್ತಿನ ಗೋಧಿಗೆ ಹೋಗಿವೆ. 1999ರಲ್ಲಿ ಉಗಾಂಡದ ಹೆಸರಿನಿಂದ ಪ್ರಸಿದ್ಧವಾದ ಹೊಸ ತುಕ್ಕಿನ ಕುಲ ಅನೇಕ ದೇಶಗಳನ್ನು ಬೆದರಿಸಿದಾಗ ಅದನ್ನೆದುರಿಸಬಲ್ಲವುಗಳಲ್ಲಿ ಈ ಎಸ್‌ಆರ್ 13 ಒಂದೆಂದು ಕಂಡುಬಂದಿತು. 2017ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಅದನ್ನು ಪ್ರತ್ಯೇಕಿಸಿ ಓದಿದರು. ನಮ್ಮ ಹುಗ್ಗಿಯ ಗೋಧಿ ಜಗತ್ತನ್ನು ಉಳಿಸಿತೆಂದು ಇಲ್ಲಿ ಚಪ್ಪಾಳೆ ತಟ್ಟುವ ಆತುರ ಬೇಡ. ಇಥಿಯೋಪಿಯದಲ್ಲಿ ಎಸ್‌ಆರ್ 13ನ್ನು ಗೆಲ್ಲಬಲ್ಲ ಬೇರೊಂದು ತುಕ್ಕಿನ ಕುಲ ಆಗಲೇ ದೊರೆತಿದೆ. ಸದಕದ ಬಲ ಯಾವುದೋ ಒಂದು ವಂಶವಾಹಿಯಲ್ಲಿ ಇರಲಿಲ್ಲ. ಹಲವು ಒಟ್ಟಿಗಿದ್ದುದರಲ್ಲಿ, ಜೋಳ ಕಡಲೆ ಕುಸುಬೆಗಳ ನಡುವೆ ಅದು ಹರಕು ಹರಕಾಗಿ ಬೆಳೆಯುತ್ತಿದ್ದುದರಲ್ಲಿ ಇತ್ತು. ಅದರಿಂದ ಒಂದನ್ನು ಬಿಡಿಸಿಕೊಂಡು ಲಕ್ಷಾಂತರ ಎಕರೆಗೆ ಒಂದೇ ಸಮನೆ ಹರಡಿದರೆ ಶಿಲೀಂಧ್ರಕ್ಕೆ ಅದೊಂದೇ ಬೀಗ ಮುರಿಯುವ ಕೆಲಸ ಉಳಿಯುತ್ತದೆ.

ಹಲವು ರೋಗಗಳನ್ನು ಒಂದೇ ಗಿಡದಲ್ಲಿ ತಡೆಯುವುದು ಸಾಧ್ಯವೇ ಇಲ್ಲವೆಂದು ಇದರರ್ಥವಲ್ಲ. ಡಾ. ಬಿ. ಪಿ. ಪಾಲರ ಎನ್.ಪಿ. 809 ಗೋಧಿ ಮೂರು ತುಕ್ಕುಗಳನ್ನೂ ಗಮನದಲ್ಲಿಟ್ಟು ಬೆಳೆಸಿದ್ದು. ಎಲ್‌ಆರ್ 34 ಎಂಬ ಒಂದೇ ವಂಶವಾಹಿ ಎಲೆತುಕ್ಕು, ಹಳದಿತುಕ್ಕು, ಬೂದಿರೋಗಗಳನ್ನು ಪೂರ್ಣವಾಗಿ ನಿಲ್ಲಿಸದೆ ನಿಧಾನಗೊಳಿಸುತ್ತ ಹಲವು ದಶಕ ಬಾಳಿದೆ; 2009ರಲ್ಲಿ ಅದರ ರಚನೆ ತಿಳಿದಾಗ ಅದು ಸಾಮಾನ್ಯ ಕಾವಲು ವಂಶವಾಹಿಗಳ ಜಾತಿಯದಲ್ಲ, ಪದಾರ್ಥಗಳನ್ನು ಸಾಗಿಸುವ ಒಂದು ಪ್ರೋಟೀನಿನದೆಂದು ಗೊತ್ತಾಯಿತು. ಪೂರ್ಣ ತಡೆಯುವುದು ಬೇಗ ಮುರಿಯುತ್ತದೆ, ಅರ್ಧ ತಡೆಯುವುದು ಬಹುಕಾಲ ಬಾಳುತ್ತದೆ ಎಂಬ ಈ ಮಾತು ವರದಿಗಳ ಭಾಷೆಗೆ ಒಗ್ಗುವುದಿಲ್ಲ. ಅರ್ಧ ಗೆಲವಿಗೆ ಬಿಡುಗಡೆ ಸಮಾರಂಭವಿಲ್ಲವಷ್ಟೆ. ಇನ್ನು, ಒಂದು ರೋಗದ ರಕ್ಷೆ ಇನ್ನೊಂದಕ್ಕೆ ಬಾಗಿಲು ತೆರೆಯುವುದೂ ಉಂಟು. ಅಮೆರಿಕದಲ್ಲಿ ‘ವಿಕ್ಟೋರಿಯ’ ಓಟ್ಸಿನಿಂದ ತುಕ್ಕಿನ ನಿರೋಧವನ್ನು ಪಡೆದ ತಳಿಗಳು ಎಲ್ಲೆಡೆ ಹಬ್ಬಿದಾಗ, ಅದೇ ವಂಶವಾಹಿಯ ಮೂಲಕವೇ ಹೊಸದೊಂದು ಅಂಗಮಾರಿ ಒಳಹೊಕ್ಕು 1946ರ ಹೊತ್ತಿಗೆ ಬೆಳೆಯನ್ನು ನೆಲಕ್ಕೆ ಕೆಡವಿತು. ಜೀವಂತ ಕೋಶವನ್ನು ಉಣ್ಣುವ ಶಿಲೀಂಧ್ರಕ್ಕೆ ಕೋಶದ ಸಾವು ಶಿಕ್ಷೆ. ಸತ್ತ ಕೋಶವನ್ನು ಉಣ್ಣುವುದಕ್ಕೆ ಅದೇ ಔತಣ.

ಈ ಮಾತುಗಳು ಪುಸ್ತಕದ ಮಾತುಗಳಾಗಿ ಉಳಿಯದೆ ನಮ್ಮ ರೈತರ ಕೊರಳಿಗೆ ಬಂದದ್ದು ದಾಳಿಂಬೆಯಲ್ಲಿ. ಇಲ್ಲಿ ದಾಖಲೆಯನ್ನು ಓದುವ ಕ್ರಮದ ಬಗ್ಗೆ ಒಂದು ಎಚ್ಚರಿಕೆಯನ್ನು ಕೊಡಬೇಕಾಗಿದೆ. ದಾಳಿಂಬೆಯ ಸೊರಗು ರೋಗ 1990ರಲ್ಲಿ ವಿಜಾಪುರ ಜಿಲ್ಲೆಯ ಎರಡು ಕಡೆಗಳಲ್ಲಿ ಕಾಣಿಸಿಕೊಂಡು 1993ರ ಹೊತ್ತಿಗೆ ಜಿಲ್ಲೆಯಲ್ಲೆಲ್ಲ ಹಬ್ಬಿತೆಂದು ಸಸ್ಯರೋಗಶಾಸ್ತ್ರದ ಲೇಖನಗಳು ಹೇಳುತ್ತವೆ. ಸೆರಟೊಸಿಸ್ಟಿಸ್ ಎಂಬ ಶಿಲೀಂಧ್ರ ಅದಕ್ಕೆ ಕಾರಣವೆಂದು ಆ ದಶಕದಲ್ಲಿಯೇ ಗೊತ್ತಾಯಿತು. ಇಂದಿನ ಓದುಗನು ‘ವಿಜಾಪುರ’ವೆಂದರೆ ಕೃಷ್ಣೆಯ ಆಚೆಯ ಈಗಿನ ಜಿಲ್ಲೆಯೆಂದು ತಿಳಿಯುತ್ತಾನೆ. ಬಾಗಲಕೋಟೆ ಜಿಲ್ಲೆ ಪ್ರತ್ಯೇಕವಾದದ್ದು 1997ರ ಆಗಸ್ಟ್ 15ರಂದು; 1990ರ ವಿಜಾಪುರದೊಳಗೆ ಬಾಗಲಕೋಟೆ, ಬಾದಾಮಿ, ಹುನಗುಂದಗಳೂ ಇದ್ದವು. ದುಂಡಾಣು ಅಂಗಮಾರಿಯ ವಿಚಾರವೂ ಹಳೆಯದೇ: 1952ರಲ್ಲಿಯೇ ಅದು ದೆಹಲಿಯಿಂದ ವರದಿಯಾಗಿತ್ತು. ಹತ್ತಿಯ ಅಂಗಮಾರಿಯ ದುಂಡಾಣುವೂ ಇದೂ ಒಂದೇ ಕುಲದವು.

ಈ ಕಾಲಾನುಕ್ರಮವನ್ನು ಹಿಡಿದು ನೋಡಿದಾಗ ಪ್ರಚಲಿತ ಕಥನ ತಲೆಕೆಳಗಾಗುತ್ತದೆ. ದಾಳಿಂಬೆ ಬಂದಿತು, ಹಣ ಬಂದಿತು, ಆಮೇಲೆ ದುರದೃಷ್ಟವಶಾತ್ ರೋಗ ಬಂದಿತು ಎಂಬುದು ಆ ಕಥನ. ಭಗವಾ ತಳಿಯನ್ನು, ಈ ಕಡೆಯವರು ‘ಕೇಸರ್’ ಎನ್ನುವುದನ್ನು, ರಾಹುರಿಯ ಕೃಷಿ ವಿಶ್ವವಿದ್ಯಾಲಯ ಹೊರತಂದದ್ದು 2003ರ ಸುಮಾರಿಗೆ. ರಾಷ್ಟ್ರೀಯ ತೋಟಗಾರಿಕೆ ಮಿಷನ್ ಆರಂಭವಾದದ್ದು 2005-06ರಲ್ಲಿ. ಎಂದರೆ ಸೊರಗು ಜಿಲ್ಲೆಯಲ್ಲಿ ನೆಲೆಯೂರಿದ ಹತ್ತು ಹನ್ನೆರಡು ವರ್ಷಗಳ ಮೇಲೆ ತೋಟಗಳ ಭರಾಟೆ ಎದ್ದಿತು. ರೋಗವಿದ್ದ ಕಡೆಗೆ ತೋಟಗಳೇ ನಡೆದು ಹೋದವು. ಅದೂ ಎಂಥ ತೋಟಗಳು? ಜಿ. ಎಸ್. ಚೀಮಾ ಅವರು 1936ರಲ್ಲಿ ಪುಣೆಯಲ್ಲಿ ಆರಿಸಿದ ‘ಗಣೇಶ’ ತಳಿಯೇ ಮೂಲ. ಅದನ್ನು ‘ಗುಲ್-ಎ-ಶಾ’ ಕೆಂಪಿನೊಡನೆ ಕೂಡಿಸಿ ಬಂದ ಸಂತತಿಯಿಂದ ಮೃದುಲಾ ಮತ್ತು ಭಗವಾ. ಬೆಂಗಳೂರಿನ ರೂಬಿಯಲ್ಲಿಯೂ ಗಣೇಶದ ರಕ್ತವಿದೆ. ಆರಿಸಿದವರ ಕಣ್ಣು ಕಾಳಿನ ಬಣ್ಣದ ಮೇಲೆ, ಬೀಜದ ಮೃದುತ್ವದ ಮೇಲೆ, ಸಿಪ್ಪೆಯ ಹೊಳಪಿನ ಮೇಲೆ ಇದ್ದಿತು. ಮೇಲಾಗಿ ದಾಳಿಂಬೆಯನ್ನು ಬೀಜದಿಂದ ಬೆಳೆಸುವುದಿಲ್ಲ, ಗೂಟಿ ಕಟ್ಟಿ ಬೆಳೆಸುತ್ತಾರೆ. ಆದುದರಿಂದ ಬಾದಾಮಿಯ ತೋಟದ ಗಿಡವೂ ಇಳಕಲ್ಲಿನ ತೋಟದ ಗಿಡವೂ ಅಕ್ಷರಶಃ ಒಂದೇ ಗಿಡದ ತುಂಡುಗಳು. ಗೂಟಿಯೊಡನೆ ರೋಗಾಣುವೂ ಪ್ರಯಾಣ ಮಾಡಿತು.

ಎರಡು ರೋಗಗಳು ಎರಡು ದಾರಿಯಿಂದ ಬರುತ್ತವೆ ಎಂಬುದೇ ಇಲ್ಲಿನ ಕಷ್ಟದ ಗಂಟು. ಅಂಗಮಾರಿ ಮಳೆಹನಿಯ ಸಿಡಿತದಿಂದ, ಕತ್ತರಿಯ ಬಾಯಿಂದ ಎಲೆಗೆ, ಗೆಣ್ಣಿಗೆ, ಹಣ್ಣಿಗೆ ಹತ್ತಿ ಹಣ್ಣನ್ನು ಸೀಳಿಬಿಡುತ್ತದೆ. ಮೃಗಶಿರದ ಬಹಾರವನ್ನು ಬಿಟ್ಟು ಹಸ್ತದ ಬಹಾರಕ್ಕೆ ಹೂ ಬಿಡಿಸಿದ ಬೆಳೆಗಾರರು ಮಳೆಯ ಕಾಲವನ್ನು ತಪ್ಪಿಸಿ ಸ್ವಲ್ಪಮಟ್ಟಿಗೆ ಉಳಿದುಕೊಂಡರು. ಇದು ನಿರೋಧವಲ್ಲ, ತಪ್ಪಿಸಿಕೊಳ್ಳುವ ಉಪಾಯ; ಆದರೂ ತಕ್ಕಮಟ್ಟಿಗೆ ಕೆಲಸಕ್ಕೆ ಬಂದ ಉಪಾಯ. ಸೊರಗಿನ ಶಿಲೀಂಧ್ರಕ್ಕಾದರೋ ಬಹಾರದ ಗೊಡವೆಯಿಲ್ಲ. ಅದು ಮಣ್ಣಿನಲ್ಲಿದೆ, ಬೇರುಗಂಟಿನ ಜಂತು, ಕಾಂಡ ಕೊರೆಯುವ ಹುಳುಗಳು ಮಾಡಿದ ಗಾಯದಿಂದ ಒಳಗೆ ಹೋಗುತ್ತದೆ, ಮೊದಲು ಒಂದು ಕೊಂಬೆ ಹಳದಿಯಾಗಿ, ಆಮೇಲೆ ಗಿಡವೇ ಹೋಗುತ್ತದೆ, ಆಮೇಲೆ ಪಕ್ಕದ ಗಿಡ. ತಾಮ್ರದ ಸಿಂಪಡಣೆಯಿಂದ ಅಂಗಮಾರಿಯನ್ನು ಹತ್ತಿಕ್ಕಿದವನ ತೋಟವನ್ನು ಸೊರಗು ಕೆಳಗಿನಿಂದ ತಿಂದುಹಾಕಿದ ಸಂದರ್ಭಗಳನ್ನು ಈ ಸೀಮೆ ಕಂಡಿದೆ. ಒಂದೊಂದು ರೋಗಕ್ಕೆ ಒಂದೊಂದು ಕರಪತ್ರ ಹಂಚುವ ನಮ್ಮ ಪದ್ಧತಿಯನ್ನು ಇಲ್ಲಿ ಟೀಕಿಸದೆ ವಿಧಿಯಿಲ್ಲ. ರೈತನ ಮುಂದಿರುವುದು ಒಂದು ರೋಗವಲ್ಲ, ಒಂದು ತೋಟ.

ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪಿತವಾಯಿತು; ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರ ಅದಕ್ಕಿಂತ ಮೂರು ವರ್ಷ ಮೊದಲಿನದು. ಇವೆರಡಕ್ಕೂ ತೋಟಗಳ ಭರಾಟೆಯ ಬೆನ್ನ ಹಿಂದೆ ಓಡುವ ಕೆಲಸ ಪಾಲಿಗೆ ಬಂದಿತು. ಕಡಲೆಯಲ್ಲಿ ಇಂಥ ಓಟ ಬೇಗ ಮುಗಿಯಿತು: ನಮ್ಮವರು ಬಿಡಲೊಲ್ಲದ ಅಣ್ಣಿಗೇರಿ ಕಡಲೆಗೆ ಸಿಡಿ ರೋಗದ ನಿರೋಧವನ್ನು ಡಬ್ಲ್ಯೂ.ಆರ್. 315 ಎಂಬ ತಳಿಯಿಂದ ಕೂಡಿಸಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಇಕ್ರಿಸ್ಯಾಟ್ ಸಂಸ್ಥೆಯೂ ‘ಸೂಪರ್ ಅಣ್ಣಿಗೇರಿ 1’ನ್ನು ಸಿದ್ಧಪಡಿಸಿದವು. ಅದು ಹುನಗುಂದದ ಎರೆಗೆ ಒಪ್ಪುವ ಬೀಜ, ರೈತನ ಕೈಯಲ್ಲಿ ಮುಂದಿನ ಹಿಂಗಾರಿಗೆ ಬದಲಾಯಿಸಬಹುದಾದ ಬೀಜ. ಕಡಲೆಗೆ ಒಂದು ತಲೆಮಾರೆಂದರೆ ಸುಮಾರು ನೂರು ದಿನ. ದಾಳಿಂಬೆಗೆ ಮೂರು ವರ್ಷ. ಅಂಗಮಾರಿಯನ್ನು ಕೆಲಮಟ್ಟಿಗೆ ತಾಳಿಕೊಳ್ಳಬಲ್ಲುದೆಂದು ಸಂಶೋಧಕರು ಕಣ್ಣಿಟ್ಟಿರುವ ‘ದಾರು’ ಹಿಮಾಲಯದ ತಪ್ಪಲಿನ ಕಾಡುದಾಳಿಂಬೆ. ಅದರ ಹಣ್ಣು ಹುಳಿ, ಬೀಜ ಗಡುಸು, ಅನಾರದಾನಕ್ಕೆ ಒಣಗಿಸುವಂಥದು. ಅದರ ಗಟ್ಟಿತನವನ್ನು ಇಟ್ಟುಕೊಂಡು ಹುಳಿಯನ್ನು ಕಳೆಯಬೇಕಾದರೆ ನಾಲ್ಕೈದು ತಲೆಮಾರು ಮರಳಿ ಮರಳಿ ಕೂಡಿಸಬೇಕು. ಹನ್ನೆರಡರಿಂದ ಹದಿನೈದು ವರ್ಷ. ಹೀಗಿರುವಲ್ಲಿ ಒಂದು ಮಾದರಿ ನಮ್ಮ ಗಮನಕ್ಕೆ ಯೋಗ್ಯವಾಗಿದೆ. ಚೀನದ ಯುನ್ನಾನ್ ಪ್ರಾಂತದಲ್ಲಿ ಬೆಂಕಿರೋಗಕ್ಕೆ ಸುಲಭವಾಗಿ ತುತ್ತಾಗುವ ಭತ್ತವನ್ನು ನಿರೋಧಕ ಭತ್ತದೊಡನೆ ಸಾಲುಸಾಲಾಗಿ ಬೆರಸಿ ನೆಟ್ಟಾಗ ರೋಗದ ತೀವ್ರತೆ ಶೇಕಡಾ 94ರಷ್ಟು ಇಳಿಯಿತೆಂದು 2000ದಲ್ಲಿ ಪ್ರಕಟವಾಯಿತು. ಅಲ್ಲಿ ಹೊಸ ತಳಿಯೇನೂ ಹುಟ್ಟಲಿಲ್ಲ; ಇದ್ದ ತಳಿಗಳ ಜೋಡಣೆ ಮಾತ್ರ ಬದಲಾಯಿತು. ನಮ್ಮ ಅಕ್ಕಡಿಯ ಸಾಲುಗಳನ್ನು ಹಳೆಯ ಕಾಲದ ಹವ್ಯಾಸವೆಂದು ಬದಿಗಿಟ್ಟಿರುವ ಕೃಷಿಚರಿತ್ರಕಾರರು ಇದನ್ನು ಮತ್ತೊಮ್ಮೆ ಓದಬೇಕೆಂದು ನಮ್ಮ ಸೂಚನೆ.

ಹುನಗುಂದ, ಇಳಕಲ್ಲುಗಳಲ್ಲಿ ಈ ಪ್ರಶ್ನೆಗೆ ಅವಸರವೂ ಇದೆ. ರಾಮಥಾಳ ಹನಿ ನೀರಾವರಿ ಯೋಜನೆ 2017ರಲ್ಲಿ ಚಾಲನೆ ಪಡೆದಾಗ ಅದರ ವ್ಯಾಪ್ತಿ ಸುಮಾರು 24,000 ಹೆಕ್ಟೇರ್ ಎಂದು ಎಣಿಸಲಾಯಿತು. ಆ ಎರೆಯಲ್ಲಿ ಅದುವರೆಗೆ ಹಿಂಗಾರಿಯದೊಂದೇ ಬೆಳೆ. ಉಳಿದ ತಿಂಗಳು ಹೊಲ ಒಣಗಿ ಬಿರಿದು, ಆ ಬಿಸಿಲು ರೋಗಾಣುಗಳ ಪಾಲಿಗೂ ಬರಗಾಲವಾಗಿತ್ತು. ವರ್ಷವೆಲ್ಲ ಹಸಿಯಿರುವ ನೆಲದಲ್ಲಿ ಆ ವಿರಾಮ ಇರುವುದಿಲ್ಲ. ಯಾವ ಬೆಳೆ ಹಾಕಬೇಕೆಂಬ ಸಲಹಾಪಟ್ಟಿಗಳಲ್ಲಿ ಇಳುವರಿಯ ಕಾಲಮ್ಮಿನ ಪಕ್ಕಕ್ಕೆ, ಆ ಗಿಡದ ರೋಗಗಳು ಈ ತಾಲೂಕಿನಲ್ಲಿ ಯಾವ ವರ್ಷದಿಂದ ಇವೆಯೆಂಬ ಇನ್ನೊಂದು ಕಾಲಮ್ಮು ಬೇಕು. ಆ ಕಾಲಮ್ಮನ್ನು ತುಂಬತಕ್ಕವರು ಸಸ್ಯರೋಗಶಾಸ್ತ್ರದವರಷ್ಟೇ ಅಲ್ಲ. ಹಳೆಯ ಕೃಷಿ ಇಲಾಖೆಯ ವಾರ್ಷಿಕ ವರದಿಗಳನ್ನೂ ತಾಲೂಕು ಕಚೇರಿಯ ಕಟ್ಟುಗಳನ್ನೂ ಓದಬಲ್ಲ ನಮ್ಮ ವಿಭಾಗದ ವಿದ್ಯಾರ್ಥಿಗಳೂ ಹೌದು. 1990ರ ದಾಳಿಂಬೆಯಿಂದ ಹಿಂದಕ್ಕೆ, ಕುಮಟಾ ಹತ್ತಿಯ ಸೊರಗಿನ ವರೆಗೆ, ತಾಲೂಕಿಗೊಂದರಂತೆ ಆ ಪಟ್ಟಿಯನ್ನು ಹುನಗುಂದದಿಂದ ಆರಂಭಿಸಬಹುದು.